ಹೆನ್ರಿ ಸಾಹೇಬನ ಮೊದಲ ತುತ್ತು

ಜಿನ್ನಪ್ಪನ ಹೊಟ್ಟೆಗೆ ನಿನ್ನೆಯಿಂದ ಒಂದು ಅಗುಳು ಬಿದ್ದಿರಲಿಲ್ಲ. ಚತುರ್ದಶಿಯ ಉಪವಾಸ ಮುಗಿದು ಇವತ್ತು ಬೆಳಿಗ್ಗೆಯೇ ಉಣ್ಣಬೇಕಿತ್ತು. ಅಷ್ಟರಲ್ಲಿ ಜಮಖಂಡಿ ದರ್ಬಾರಿನವರು ವಿಲಾಯತಿಯ ಹೆನ್ರಿ ಎಂಬ ಹುಡುಗನನ್ನು ಜಿನ್ನಪ್ಪನ ಮನೆಗೆ ಕಳಿಸುತ್ತೇವೆಂದು ಹೇಳಿಕಳಿಸಿದರು; ಜಿನ್ನಪ್ಪ ಉಣ್ಣದೆ ಅತಿಥಿಗಾಗಿ ಕಾದ. ನಮ್ಮೂರ ಹುಡುಗ ಅವರ ಮನೆಯಲ್ಲಿದ್ದು ಅವರ ರೀತಿ ಕಲಿಯಬೇಕು, ಅವರ ಹುಡುಗ ಇಲ್ಲಿದ್ದು ನಮ್ಮ ರೀತಿ ಕಲಿಯಬೇಕು ಎಂಬ ಏರ್ಪಾಟು.

ಹುಡುಗನನ್ನು ಬಿಟ್ಟುಹೋಗುವಾಗ ದರ್ಬಾರಿನ ಕಾರಕೂನ ಹೇಳಿದ: "ಮನೀಗೆ ಬಂದ ಪಾವಣ್ಯಾ ಉಪಾಸ ಬಿದ್ದಾ ಅಂತ ದಿವಾನ ಸಾಹೇಬ್ರ ಕಿವಿಗೆ ಬಿತ್ತಂದ್ರ ನೀನ ಉತ್ತರಾ ಕೊಡಬೇಕು, ನೋಡ."

ಮಧ್ಯಾಹ್ನ ಹೆಂಡತಿ ಅನುಸೂಯಾ ಎರಡು ತಾಟು ಬಡಿಸಿದಳು. ಹೋಳಿಗೆಯ ಮೇಲೆ ತುಪ್ಪ ಹರಿಯುತ್ತಿತ್ತು. ಹೆನ್ರಿ ಒಂಟೆಯಂತೆ ಕಾಲು ಮಡಚಿಕೊಂಡು ಕೂತ.

"ಉಣ್ರಿ ಸಾಹೇಬ್ರ," ಎಂದ ಜಿನ್ನಪ್ಪ.

ಹೆನ್ರಿ ನಕ್ಕು, ನೀವು ಎಂಬಂತೆ ಕೈ ಮಾಡಿದ. ಜಿನ್ನಪ್ಪ ತಿರುಗಿ ಅವನಿಗೇ ಕೈ ಮಾಡಿದ. ಬಂದವರು ತುತ್ತೆತ್ತುವ ಮೊದಲು ಮನೆಯ ಯಜಮಾನ ಎತ್ತುವುದುಂಟೇ? ಇಬ್ಬರೂ ಸಂತೆಯಲ್ಲಿ ಎಮ್ಮೆಯ ಬೆಲೆಗೆ ಜಗ್ಗಾಡುವವರಂತೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು.

ಪಕ್ಕದ ಮನೆಯ ಮುದಕವ್ವ ಇಣುಕಿದಳು. "ಬಿಳೀ ಮಂದಿ ಖಾರಕ್ಕ ಅಂಜ್ತಾರ ತಮ್ಮಾ. ಪಲ್ಯಾ ತಗದು ಮಸರನ್ನ ನೀಡ್ರಿ."

ನೀಡಿದರು. ಹೆನ್ರಿ ಮುಟ್ಟಲಿಲ್ಲ.

ಮುಂಬೈ ಮಿಲ್ಲಿನಲ್ಲಿ ದುಡಿದು ಬಂದಿದ್ದ ನೇಕಾರ ಸಾಬಣ್ಣನೂ ಬಂದ. "ಅವ್ರು ಖುರ್ಚಿ ಮ್ಯಾಲ ಕುಂತು ಉಣ್ಣಾವ್ರೋ ಅಣ್ಣಾ. ನೆಲದಾಗ ಕುಂದ್ರಿಸಿದ್ರ ತುತ್ತು ಹೆಂಗ ಇಳೀತೈತಿ?"

ಗೌಡರ ಮನೆಯಿಂದ ಖುರ್ಚಿ ಬಂತು. ಹೆನ್ರಿ ಅದರ ಮೇಲೆ ಕೂತು, ಕೆಳಗಿದ್ದ ಜಿನ್ನಪ್ಪನನ್ನು ನೋಡಿ, ನಾಚಿ ತಾನೂ ಕೆಳಗಿಳಿದ.

ಹೊತ್ತು ಪಡುವಣಕ್ಕೆ ವಾಲಿತು. ಸೂರ್ಯ ಮುಳುಗಿದರೆ ಆ ಮನೆಯಲ್ಲಿ ಬಾಯಿಗೆ ಏನೂ ಹಾಕುವಂತಿಲ್ಲ, ಅದು ಅವರ ಜೈನ ಧರ್ಮದ ಕಟ್ಟು. ಜಿನ್ನಪ್ಪನ ಕಣ್ಣು ಒಮ್ಮೆ ಕಿಟಕಿಗೆ, ಒಮ್ಮೆ ಹೆನ್ರಿಯ ಕೈಗೆ ಓಡಾಡತೊಡಗಿತು.

"ಅಂವಾ ಏನ ಅಂತಾನ ಅಂತ ತಿಳಿಯಾಕ ಇಂಗ್ಲಿಷ್ ಬಲ್ಲವ್ರನ್ನ ಕರ್ಕೊಂಡ ಬರ್ತೇನಿ," ಎಂದು ಸಾಬಣ್ಣ ಅರಮನೆಯ ಕಡೆ ಓಡಿದ.

ಅವನು ಕಾರಕೂನನೊಂದಿಗೆ ಮರಳಿದಾಗ ಅನುಸೂಯಾ ತಾಟುಗಳನ್ನು ಎತ್ತುತ್ತಿದ್ದಳು. "ಹೊತ್ತು ಮುಣಗ್ತ್ರಿ," ಎಂದಳು ಗಂಡನಿಗೆ, ಮೆಲ್ಲಗೆ.

ಕಾರಕೂನ ಹೆನ್ರಿಯೊಡನೆ ಮಾತಾಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವ್ರ ಕಡೆ ಯಜಮಾನ ಮೊದಲ ತುತ್ತು ಎತ್ತಬೇಕಂತ ಜಿನ್ನಪ್ಪಾ. ನಿನ್ನ ದಾರಿ ಕಾಯ್ದು ಕಾಯ್ದು ಹುಡುಗನ ಕರುಳು ಒಣಗ್ಯಾವು."

ಹೆನ್ರಿ ನಾಚುತ್ತಲೇ ಪೆಟ್ಟಿಗೆಯಿಂದ ಬಿಸ್ಕತ್ತಿನ ಡಬ್ಬಿ ತೆಗೆದು, ಅಂಗಳಕ್ಕೆ ಹೋಗಿ ಕುರುಂ ಕುರುಂ ತಿನ್ನತೊಡಗಿದ.

"ಆತು ಬಿಡ್ರಿ," ಜಿನ್ನಪ್ಪ ಉಸಿರುಬಿಟ್ಟ. "ನಾಳೆ ಹೊತ್ತು ಹುಟ್ಟಿದ ಕೂಡ್ಲೆ ನಾನ ಮೊದಲ ತುತ್ತು ಎತ್ತತೇನಿ."

ಕಾರಕೂನ ಕುತ್ತಿಗೆ ಕೆರೆದುಕೊಂಡ. "ನಾಳೆ ಬ್ಯಾಡೋ. ಈ ಸಾಬಣ್ಣ ದಿವಾನ ಸಾಹೇಬ್ರ ಎದುರಿಗೆ, ಇಬ್ರೂ ತುಂಬಿದ ತಾಟು ಮುಂದಿಟ್ಕೊಂಡು ಮುಟ್ಟವಲ್ರು ಅಂದುಬಿಟ್ಟ. ಸಾಹೇಬ್ರು ಅದು ದೊಡ್ಡ ವ್ರತ ಅಂತ ತಿಳದ್ರು. ಹೊತ್ತು ಹುಟ್ಟೂದ್ರಾಗ ಪರಿವಾರ ಸಮೇತ ನೋಡಾಕ ಬರ್ತಾರ. ಸಂಜಿ ತನಕಾ ಇರ್ತಾರಂತ."

"ಅದು ವ್ರತ ಅಲ್ಲ ಅಂತ ಖರೆ ಹೇಳಬಾರದೇನ್ರಿ ಅವ್ರಿಗೆ?" ಎಂದ ಜಿನ್ನಪ್ಪ.

"ದಿವಾನ ಸಾಹೇಬ್ರಿಗೆ ನೀವು ತಪ್ಪು ತಿಳದ್ರಿ ಅಂತ ನಾ ಹೇಳಬೇಕಾ? ನೀನ ಹೇಳ."



"ಹಂಗಾರ ನಾಳಿಗೆ ಅಡಗಿ ಏನ ಮಾಡ್ಲಿ?" ಅನುಸೂಯಾ ಕೇಳಿದಳು.

ಸಾಬಣ್ಣ ಮುಂದೆ ಬಂದ. "ಚಂದಂಗ ಘಮಘಮ ಅನ್ನೂದು ಮಾಡ್ರಿ ವೈನಿ. ಅಣ್ಣನ ವ್ರತದ ಕಸುವು ದಿವಾನ ಸಾಹೇಬ್ರಿಗೆ ತಿಳೀಬೇಕಲ್ಲ."