ಬಾಯಿಸಾಹೇಬರಿಗೆ ಹಾಗಲಕಾಯಿ ಪಲ್ಯ

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಮೂಡಲಗಿಯಲ್ಲಿ ಇಲ್ಲ. ಇದು ನಾನೇ ಹೇಳಿಕೊಂಡು ಬಂದ ಮಾತು. ಬೇರೆಯವರು ಇನ್ನೂ ಹೇಳಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರ ನಾನು. ಸಾಮ್ರಾಜ್ಯಗಳು ಯಾಕೆ ಮುಳುಗಿದವು ಎಂದು ಕಾರಣ ಸಮೇತ ವಿವರಿಸುವವನಿಗೆ ಒಂದು ದಿನದ ಪ್ರವಾಸ ಯಾವ ಲೆಕ್ಕ?

ಆಸೆ ನನ್ನ ಹೆಂಡತಿ ಶೋಭಾಳದು. ಕೊಲ್ಲಾಪುರದಲ್ಲಿ ಸರದಾರರೊಬ್ಬರ ಹಳೆಯ ವಾಡೆಯನ್ನು, ಅಂದರೆ ಅವರು ಬಾಳಿದ ದೊಡ್ಡ ಮನೆಯನ್ನು, ಇದ್ದ ಹಾಗೇ ಇಟ್ಟು ವಸ್ತುಸಂಗ್ರಹಾಲಯ ಮಾಡಿದ್ದಾರೆಂದು ನಾನೇ ಅವಳಿಗೆ ಹೇಳಿದ್ದೆ.

"ನಮ್ಮವ್ವ ಹುಟ್ಟಿದಾಗಿಂದ ಹೊಲಾ, ಎಮ್ಮಿ, ಒಲಿ ಬಿಟ್ಟ ಏನೂ ನೋಡಿಲ್ರಿ. ಆಕಿನ್ನ ಅಲ್ಲಿಗೆ ಕರಕೊಂಡ ಹೋಗೂನು. ಒಂದ ದಿನಾ ಕೈಯಾಗ ಕೆಲಸ ಇಲ್ಲದ ನಕ್ಕೋತ ತಿರಗ್ಯಾಡೂದ ನಾ ನೋಡಬೇಕು" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿ ಬಂದಿದ್ದವು.

"ಎಲ್ಲಾ ನನಗ ಬಿಡು" ಎಂದೆ. ಅವಳು ಬಿಟ್ಟಳು. ಕೆಟ್ಟದ್ದೇ ಅಲ್ಲಿ!

ಮರುದಿನವೇ ತುಕ್ಕಾನಟ್ಟಿಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಶೋಭಾ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದಾಳೆ ಎಂದು ನಾನು ವಿಷಯ ತೆಗೆದೆ.

"ಯಾರ ಮನಿ ಅಂದ್ರಿ ಅಳಿಯಾರ?"

"ಸರದಾರರದ್ರಿ. ಭಾಳ ದೊಡ್ಡ ಮನಿ."

"ಮನ್ಯಾಗ ಯಾರ್ಯಾರ ಅದಾರ?"

"ಯಾರೂ ಇಲ್ರಿ. ಎಲ್ಲಾರೂ ತೀರಿಕೊಂಡಾರ."

ಅತ್ತೆಯ ಕೈ ನಿಂತಿತು. "ಅಯ್ಯ ಶಿವನ! ಯಾವಾಗ?"

"ನೂರ ವರ್ಷದ ಮ್ಯಾಲಾತ್ರಿ."

ನಮ್ಮ ಕಡೆ ಸಾವಾದ ಮನೆಗೆ ಹೋಗಿ ಸಮಾಧಾನ ಹೇಳುವುದಕ್ಕೆ 'ಮಾತಾಡಿಸಿ ಬರುವುದು' ಎನ್ನುತ್ತಾರೆ. ಅತ್ತೆ ಅದನ್ನೇ ಹಿಡಿದರು. "ಇಷ್ಟ ತಡಾ ಮಾಡಿ ಮಾತಾಡಸಾಕ ಹೋದರ ಮಂದಿ ಏನ ಅಂದಾರು?"

"ಮಾತಾಡಸಾಕ ಅಲ್ರಿ, ಬರೇ ನೋಡಾಕ. ಅವರ ಮಂಚ, ತೊಟ್ಟಲಾ, ಅಡಗಿಮನಿ..."

"ಯಾರೂ ಇಲ್ಲದಾಗ ಒಬ್ಬರ ಅಡಗಿಮನಿ ಹೊಕ್ಕ ನೋಡೂದ? ಅದಕ್ಕ ಬ್ಯಾರೆ ಹೆಸರೈತ್ರಿ! ಕರೀಲಾರದ ಯಾರ ಹೊಸ್ತಲಾನೂ ತುಳದಾಕಿ ಅಲ್ಲ ನಾ."

ನಾನು ಇತಿಹಾಸ, ಸಂಸ್ಕೃತಿ, ಪರಂಪರೆ ಎಂದು ಗಂಟಲು ಒಣಗುವವರೆಗೆ ಪಾಠ ಮಾಡಿದೆ. ಅಷ್ಟರಲ್ಲಿ ಒಂದು ಬುಟ್ಟಿ ಶೇಂಗಾ ಸುಲಿದು ಮುಗಿಯಿತು, ಅತ್ತೆ ಮಾತ್ರ ಜಗ್ಗಲಿಲ್ಲ. ಶೋಭಾಳ ಮುಖ ಕಣ್ಮುಂದೆ ಬಂತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಹಂಗಲ್ರಿ, ಆ ಮನಿತನದ ಸೊಸಿ ಒಬ್ಬರ ಅದಾರ. ಬಾಯಿಸಾಬ್ರು ಅಂತ. ನಮ್ಮ ಸಾಲಿ ಬಾಜೂಕಿನ ಎಸ್.ಟಿ.ಡಿ. ಬೂತಿಗೆ ಸ್ವತಃ ಫೋನ್ ಮಾಡಿದ್ರು. ನಿಮ್ಮ ಅತ್ತಿಯಾರನ್ನ ಕರಕೊಂಡ ಬರಾಕಬೇಕು ಅಂದ್ರು!"

ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಎದ್ದು ಸೆರಗು ಕೊಡವಿದರು. "ಮೊದಲ ಹೇಳಬಾರದೇನ್ರಿ? ಕರದಾರಂದ ಮ್ಯಾಲ ಬಿಡಾಕ ಬರೂದಿಲ್ಲ."

ಗೆದ್ದೆ ಎಂದುಕೊಂಡೆ. ಆದರೆ ಕರೆದವರ ಮನೆಗೆ ಬರಿಗೈಲಿ ಹೋಗುವಂತಿಲ್ಲವಲ್ಲ! ಬಾಯಿಸಾಹೇಬರಿಗೆ ಉಡಿ ತುಂಬಲು ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಎಲೆ ಅಡಿಕೆ, ಹಸಿರು ಕುಪ್ಪಸದ ಖಣ ಸಿದ್ಧವಾದವು. ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬ ಮಗ, ಮಿಲಿಟರಿಯಲ್ಲಿದ್ದಾನೆ ಎಂದೆ. ಮದುವೆಯಾಗಿದೆಯೇ ಎಂದರು. ಆಗಿದೆ ಎಂದೆ, ಇಲ್ಲವಾದರೆ ಅತ್ತೆ ಅವನಿಗೆ ಹೆಣ್ಣು ಹುಡುಕುವವರೇ. ಗೋಕಾಕದಲ್ಲಿ ದೊಡ್ಡ ಡಬ್ಬಿ ಕರದಂಟು ಕಟ್ಟಿಸೋಣ ಎಂದಾಗ ನನಗೆ ಭಯವಾಯಿತು. ಡಬ್ಬಿ ಹೊರುವವನು ನಾನು.

"ಬ್ಯಾಡ್ರಿ. ಅವರಿಗೆ ಸಕ್ಕರಿ ಬ್ಯಾನಿ ಐತಿ!"

"ಪಾಪ, ಏನ ಮಾಡೂದ್ರಿ! ಹಂಗಾರ ಹಾಗಲಕಾಯಿ ಪಲ್ಯಾ ಒಯ್ಯೂನು. ಆ ಬ್ಯಾನಿಗೆ ಭಾಳ ಛಲೋ."

ಹೊರಡುವ ದಿನ ನಸುಕಿನಲ್ಲಿ ನಮ್ಮ ಅಡುಗೆಮನೆಯಿಂದ ಈಳಿಗೆಯ ಸದ್ದು ಜೋರಾಗಿ ಕೇಳುತ್ತಿತ್ತು.

"ಇಲ್ಲದ ಬಾಯಿಸಾಬ್ರ ಇಲ್ಲದ ಬ್ಯಾನಿಗೆ ಹಾಗಲಕಾಯಿ ಹೆಚ್ಚಾಕತ್ತೇನಿ ನಾ!" ಎಂದಳು ಶೋಭಾ. "ಅಲ್ಲಿ ಹೋಗಿ ನಮ್ಮವ್ವನ ಮಾರಿ ಸಣ್ಣದಾಗಲಿ, ನಿಮ್ಮನ್ನ ಬಿಡೂದಿಲ್ಲ ನೋಡ್ರಿ!"

"ಚಿಂತಿ ಬಿಡು. ಬಾಯಿಸಾಬ್ರು ಗಡಿಬಿಡೀಲೆ ಪುಣೆಕ್ಕ ಹೋದ್ರಂತ ಅಲ್ಲಿ ಹೋಗಿ ಹೇಳ್ತೇನಿ. ಎಲ್ಲಾ ಪ್ಲ್ಯಾನ್ ಐತಿ."

ಮಾವನವರು ಎಮ್ಮೆ ನೋಡಿಕೊಳ್ಳಲು ಊರಲ್ಲೇ ಉಳಿದರು. ನಾವು ಮೂವರು ಗೋಕಾಕದಲ್ಲಿ ಬಸ್ಸು ಹತ್ತಿದೆವು. ಅತ್ತೆ ಉಡಿಯ ಚೀಲ ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆಲ್ಲ ಬಾಯಿಸಾಹೇಬರ ವಿಷಯ ಹೇಳಿದರು. ಹುಕ್ಕೇರಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಮರುಗಿ, ತನ್ನ ಚೀಲದಿಂದ ಒಂದು ಹಿಡಿ ಮೆಂತ್ಯ ತೆಗೆದು ಕೊಟ್ಟಳು. "ನೆನಿಹಾಕಿ ಬರೇ ಹೊಟ್ಟೀಲೆ ತಿನ್ನಾಕ ಹೇಳ್ರಿ ಅವರಿಗೆ." ಸಂಕೇಶ್ವರ ದಾಟುವ ಹೊತ್ತಿಗೆ ಇಡೀ ಬಸ್ಸು ಬಾಯಿಸಾಹೇಬರ ಆರೋಗ್ಯದ ಚಿಂತೆಯಲ್ಲಿತ್ತು. ನನಗೆ ಮಾತ್ರ ಬೆವರು!

ವಾಡೆಯ ಬಾಗಿಲಲ್ಲಿ, "ಬಂದೇವಂತ ಹೇಳಿ ಬರತೇನಿ" ಎಂದು ಅವರಿಬ್ಬರನ್ನೂ ನಿಲ್ಲಿಸಿ ಕಳ್ಳನ ಹಾಗೆ ಹೋಗಿ ಟಿಕೀಟು ತೆಗೆಸಿದೆ. ತಿರುಗಿ ಬಂದು ಪುಣೆಯ ಸುದ್ದಿ ಹೇಳಬೇಕು. ಬಾಯಿ ತೆರೆದೆ. ಅತ್ತೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ನಮಸ್ಕಾರ ಮಾಡುತ್ತಿದ್ದರು. ನನ್ನ ಬಾಯಿ ತಾನಾಗಿಯೇ ಮುಚ್ಚಿತು.

ಒಳಗೆ ಕಂಬ, ತೂಗುಮಂಚ, ಆಳೆತ್ತರದ ಹಂಡೆಗಳು. ಅತ್ತೆ ಹಂಡೆಯ ಹೊಳಪು ನೋಡಿ ಮೆಚ್ಚಿಕೊಂಡರು, ಒಲೆಯ ಹತ್ತಿರ ಧೂಳು ನೋಡಿ ಬೇಸರಪಟ್ಟರು. "ಬಾಯಿಸಾಬ್ರ ಎಲ್ಲಿ?" ಎಂದು ಕೋಣೆಗೊಮ್ಮೆ ಕೇಳಿದರು. "ಒಳಗ ಇರಬೇಕ್ರಿ" ಎನ್ನುತ್ತಾ ನಾನು ಮುಂದೆ ಮುಂದೆ ನಡೆದೆ. ಕೊನೆಗೆ ಒಳಗಿನ ಕೋಣೆಯೇ ಬಂತು. ಮಬ್ಬು ಬೆಳಕು. ಅಡ್ಡ ಕಟ್ಟಿದ ಹಗ್ಗದ ಆಚೆ ಗಾದಿಯ ಮೇಲೆ ಜರತಾರಿ ಸೀರೆಯುಟ್ಟು, ಮೂಗಿನಲ್ಲಿ ನತ್ತು ಇಟ್ಟುಕೊಂಡು ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಪ್ಲಾಸ್ಟರಿನ ಗೊಂಬೆ!

ಆ ಕ್ಷಣ ನನ್ನ ತಲೆಯಲ್ಲಿ ಯಾವ ಭೂತ ಹೊಕ್ಕಿತೋ!

"ಅಲ್ಲಿ ನೋಡ್ರಿ, ಬಾಯಿಸಾಬ್ರು! ಇವತ್ತ ಅವರದು ಮೌನ ಐತ್ರಿ. ಮಾತಾಡೂದಿಲ್ಲ. ಇಲ್ಲಿಂದನ ಕೈ ಮುಗದ ಹೋಗೂನು."

ಶೋಭಾ ನನ್ನ ತೋಳು ಹೇಗೆ ಚಿವುಟಿದಳೆಂದರೆ, ನಾನೂ ಮೌನವಾದೆ. ಅತ್ತೆ ಮಾತ್ರ ಬಗ್ಗಿ ಹಗ್ಗದ ಕೆಳಗಿಂದ ನುಸುಳಿ ಹೋದರು! ಗೊಂಬೆಯ ಹಣೆಗೆ ಕುಂಕುಮ ಹಚ್ಚಿದರು. ಮಡಿಲಲ್ಲಿ ಖಣ ಹಾಸಿ, ಅಕ್ಕಿ, ಕಾಯಿ, ಎಲೆ ಅಡಿಕೆ ಇಟ್ಟು ಪದ್ಧತಿ ಪ್ರಕಾರ ಉಡಿ ತುಂಬಿದರು. ಮುಂದೆ ರೊಟ್ಟಿಯ ಗಂಟು, ಪಲ್ಯದ ಡಬ್ಬಿ, ಹುಕ್ಕೇರಿಯ ಮೆಂತ್ಯ.

"ನಮ್ಮ ಅಳಿಯಾರು ನಿಮ್ಮ ವಿಚಾರ ಭಾಳ ಹೇಳ್ಯಾರ್ರಿ" ಎಂದು ಮಾತಿಗೆ ಶುರು ಮಾಡಿದರು. "ಮಗಾ ರಜಾದಾಗ ಬಂದಿದ್ನೇನು?"

ಹಿಂದಿನಿಂದ ಯಾವುದೋ ಪ್ರವಾಸದ ಬಸ್ಸಿನ ಮರಾಠಿ ಹೆಂಗಸರು ಬಂದರು. ನೋಡಿದರು. ಇಲ್ಲಿ ಉಡಿ ತುಂಬುವ ಪದ್ಧತಿ ಇದೆಯೆಂದು ತಿಳಿದು, ಕುಂಕುಮದ ಭರಣಿ ತೆಗೆದು ಸಾಲಾಗಿ ನಿಂತೇಬಿಟ್ಟರು!

ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. ನಿಪ್ಪಾಣಿ ಕಡೆಯವನು; ಬೈಗುಳಕ್ಕೆ ಬೇಕಾದಷ್ಟು ಕನ್ನಡ ಬರುತ್ತಿತ್ತು. ಎಲ್ಲರನ್ನೂ ಬಿಟ್ಟು ನನ್ನನ್ನೇ ಹಿಡಿದ.

"ಕಲತವರಂಗ ಕಾಣಸ್ತೀರಿ! ಅದು ಗೊಂಬಿ ಐತಿ ಅಂತ ಆ ಆಯಿಗೆ ಹೇಳಾಕ ಬರೂದಿಲ್ಲೇನ್ರಿ?"

ಹೇಳಿಬಿಟ್ಟ! ಅದೂ ಅತ್ತೆಯ ಎದುರಿಗೇ. ನಾನು ಕ್ಷಮೆ ಕೇಳುತ್ತ ಬಾಯಿಸಾಹೇಬರ ಮಡಿಲಿನ ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿದೆ. ಹಣೆಯ ಕುಂಕುಮವನ್ನು ಕಾವಲುಗಾರನೇ ಒರೆಸಿದ.

ಹೊರಗೆ ಬೇವಿನ ಮರದ ಕೆಳಗೆ ಅತ್ತೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಕುಳಿತುಬಿಟ್ಟರು. ಹೆಗಲು ಅಲುಗುತ್ತಿದ್ದವು. ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಶೋಭಾ ನನ್ನನ್ನು ಸುಡುವ ಹಾಗೆ ನೋಡಿ ತಾಯಿಯ ಹತ್ತಿರ ಕುಳಿತಳು. "ಅವ್ವಾ, ಅಳಬ್ಯಾಡವಾ. ತಪ್ಪಾತು."

ಅತ್ತೆ ಸೆರಗು ಸರಿಸಿದರು. ನಗುತ್ತಿದ್ದರು! ಕಣ್ಣಲ್ಲಿ ನೀರು ಬರುವಷ್ಟು, ಮಾತು ಹೊರಡದಷ್ಟು ನಗು.

"ಭಾಳ ಛಲೋ ಹೆಣ್ಣಮಗಳವಾ ಆ ಬಾಯಿಸಾಬ್ರು. ಅಷ್ಟೊತ್ತ ಅಳಿಯಾರ ಎದರಿಗೆ ಕುಂತರೂ ಒಂದ ಸುಳ್ಳ ಹೇಳಲಿಲ್ಲ!"

ಶೋಭಾಳಿಗೂ ನಗು ತಡೆಯಲಾಗಲಿಲ್ಲ. ತಾಯಿ ಮಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ನಡುವೆ ಪಲ್ಯದ ಡಬ್ಬಿ ಹಿಡಿದು ನಿಂತಿದ್ದೆ.

"ಗೊತ್ತಿದ್ದೂ ಯಾಕ ಬಂದಿ ಅವ್ವಾ?" ಎಂದು ಶೋಭಾ ಕೇಳಿದಳು.

"ಬಾಯಿಸಾಬ್ರು ಕರದದ್ದು ಸುಳ್ಳ ಇತ್ತು. ನೀ ಕರದದ್ದು ಖರೆ ಇತ್ತಲ್ಲ" ಎಂದು ಅತ್ತೆ ಅವಳ ಕೆನ್ನೆ ಸವರಿದರು.

ನನಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ನಾನು ಸುಳ್ಳನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದೆನಲ್ಲ! "ಅತ್ತಿಯಾರ, ನಿಮಗ ಯಾವಾಗ ಗೊತ್ತಾತ್ರಿ? ಗೊಂಬಿ ನೋಡಿದಾಗೇನು?"

"ಇಲ್ರಿ, ಶೇಂಗಾ ಸುಲಿಯೂ ಮುಂದನ" ಎಂದರು ಅತ್ತೆ, ರೊಟ್ಟಿಯ ಗಂಟು ಬಿಚ್ಚುತ್ತ. "ಅಷ್ಟ ದೊಡ್ಡ ಮನಿತನದವರು ನಿಮಗ ಯಾಕ ಫೋನ್ ಮಾಡ್ಯಾರ್ರಿ ಅಳಿಯಾರ?"