ರುದ್ರೇಗೌಡನ ಸಿಟ್ಟು, ಪಕ್ಕದ ಮನೆಯ ಸಾಬೂನು ನೀರು

ಸಿಟ್ಟು ಬಾರದಿರುವುದು ದೊಡ್ಡ ಸದ್ಗುಣವೆಂದು ನಾನು ಬಹಳ ಕಾಲ ನಂಬಿದ್ದೆ. ಅದು ಬರೀ ಪುಕ್ಕಲುತನ ಎನ್ನುತ್ತಾಳೆ ನನ್ನ ಹೆಂಡತಿ ಸುಮಿತ್ರಾ. ಸಾಗರದ ಒಂದು ಗ್ರಂಥಾಲಯದಲ್ಲಿ ನನ್ನ ಕೆಲಸ. ಯಾರಾದರೂ ಹರಟುತ್ತಿದ್ದರೆ ಅವರ ಮುಂದೆ ಹೋಗಿ ನಿಂತು, ಅವರೇ ನಾಚಿ ಸುಮ್ಮನಾಗುವವರೆಗೂ ಕಾಯುವವನು ನಾನು. ಪಕ್ಕದ ಮನೆಯ ರಾಜಣ್ಣ ತಮ್ಮ ವಾಷಿಂಗ್ ಮೆಷಿನ್ನಿನ ಪೈಪನ್ನು ನಮ್ಮ ಅಂಗಳಕ್ಕೆ ತಿರುಗಿಸಿದ್ದಾರೆ. ಸುಮಿತ್ರಾಳ ಡೇರೆ ಹೂವಿನ ಗಿಡಗಳೆಲ್ಲ ಸಾಬೂನು ನೀರಿಗೆ ಕೊಳೆಯುತ್ತಿವೆ. "ಒಂದು ಮಾತು ಹೇಳಿ ಮಾರಾಯ್ರೆ" ಎಂದು ಅವಳು ಗೋಗರೆದದ್ದೇ ಬಂತು. ಹೇಳಿಯೇ ತೀರಬೇಕೆಂದು ಬೇಲಿಯವರೆಗೆ ಹೋಗುತ್ತೇನೆ, "ಊಟ ಆಯ್ತಾ?" ಎಂದು ಕೇಳಿ ವಾಪಸ್ ಬರುತ್ತೇನೆ. ಆಮೇಲೆ ಕೂತಲ್ಲಿ ಕೂರಲಾರದೆ ಮನೆ ತುಂಬ ತಿರುಗುತ್ತೇನೆ.

ಇಂಥ ನನಗೆ ನಮ್ಮ ಹವ್ಯಾಸಿ ನಾಟಕ ತಂಡದ ಮೇಷ್ಟ್ರು ರುದ್ರೇಗೌಡನ ಪಾತ್ರ ಕೊಟ್ಟರು. ನನ್ನ ಎತ್ತರ ಮತ್ತು ದಪ್ಪ ಹುಬ್ಬು ಅವರನ್ನು ಮೋಸಗೊಳಿಸಿರಬೇಕು. ರುದ್ರೇಗೌಡ ಎಂದರೆ ಆಸ್ತಿಗಾಗಿ ಒಡಹುಟ್ಟಿದ ತಮ್ಮನನ್ನೇ ಮನೆಯಿಂದ ಅಟ್ಟುವ ಅಣ್ಣ. ತಮ್ಮ ಸೋಮೇಗೌಡನೋ, ಹೊಡೆದವರಿಗೂ ಕೈಮುಗಿಯುವ ಸಾಧು. ಆ ಸಾಧು ಆಗಿದ್ದವನು ಟೈರ್ ಅಂಗಡಿಯ ಮಂಜಪ್ಪ. ಅವನು ಬಸ್ ಹತ್ತಿದರೆ ಇಳಿಯುವುದರೊಳಗೆ ಕಂಡಕ್ಟರ್ ಜೊತೆ ಒಂದು ಜಗಳ ಮುಗಿದಿರುತ್ತದೆ. ಆದರೆ ಬಣ್ಣ ಹಚ್ಚಿಕೊಂಡರೆ ಸಾಕು, ಕರುವಿನಷ್ಟು ಪಾಪದವನಾಗಿಬಿಡುತ್ತಾನೆ.

"ನಡಿ ಹೊರಗೆ, ನನ್ನ ಅಂಗಳದಲ್ಲಿ ನಿನ್ನ ನೆರಳೂ ಬೀಳಬಾರದು" ಎಂದು ನಾನು ಗುಡುಗಬೇಕು. ಸಾಗರದ ಪ್ರದರ್ಶನದಲ್ಲಿ ಅದನ್ನು ಗ್ರಂಥಾಲಯ ಮುಚ್ಚುವ ಹೊತ್ತಾಯಿತು ಎನ್ನುವ ದನಿಯಲ್ಲಿ ಹೇಳಿದೆ. ಹೊಸನಗರದಲ್ಲಿ ಇನ್ನೂ ಕಡೆ. ನನ್ನ ಕಾಲಿಗೆ ಬಿದ್ದ ಮಂಜಪ್ಪ ಏಳಲೇ ಇಲ್ಲ. ಬಿದ್ದಲ್ಲಿಂದಲೇ ಹಲ್ಲು ಕಚ್ಚಿಕೊಂಡು, "ಸರಿಯಾಗಿ ಬೈಯೋ ಮಾರಾಯ, ನೀನು ಹಿಂಗೆ ಹೇಳಿದ್ರೆ ನಾ ಹೆಂಗೆ ಹೊರಗೆ ಹೋಗ್ಲಿ?" ಎಂದು ಗದರಿದ. ತೀರ್ಥಹಳ್ಳಿಯಲ್ಲೂ ಹೀಗೇ ಆದರೆ ಪಾತ್ರ ಬೇರೆಯವರಿಗೆ ಎಂದು ಮೇಷ್ಟ್ರು ಹೇಳಿಬಿಟ್ಟರು.

ತೀರ್ಥಹಳ್ಳಿ ಸುಮಿತ್ರಾಳ ತವರು. ಅವಳು ತನ್ನವರನ್ನೆಲ್ಲ ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಪರದೆಯ ಹಿಂದೆ ನನಗೆ ಹತ್ತು ಸಲ ಬಾಯಾರಿತು, ಮೀಸೆ ಅಂಟಿದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿಯೇ ಅದು ಸಡಿಲವಾಯಿತು. ಕೊನೆಗೆ ಆ ದೃಶ್ಯ ಬಂತು. ಮಂಜಪ್ಪ ಕಾಲಿಗೆ ಬಿದ್ದ. ನಾನು ತಲೆ ಎತ್ತಿ ನೋಡಿದರೆ ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಮದುವೆಯಾದಾಗಿನಿಂದ ನನಗಾಗಿ ಒಂದು ಹನಿ ಕಣ್ಣೀರು ಹಾಕದವಳು ಈ ಜಗಳಗಂಟನಿಗಾಗಿ ಅಳುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ಹೇಗೆ ಕಿರುಚಿದೆನೋ ಗೊತ್ತಿಲ್ಲ, ಮಂಜಪ್ಪ ನಿಜಕ್ಕೂ ಹೆದರಿ ತಪ್ಪು ದಿಕ್ಕಿನಿಂದ ಹೊರಗೆ ಓಡಿದ. ಚಪ್ಪಾಳೆಯೋ ಚಪ್ಪಾಳೆ.

ವಾಪಸ್ ಬರುವ ಬಸ್ಸಿನಲ್ಲಿ ಹೊಗಳಿಕೆಗೆ ಕಾಯುತ್ತ ಕೂತೆ. ಸುಮಿತ್ರಾ ಕಿಟಕಿಯಾಚೆ ನೋಡುತ್ತಲೇ, "ಇಷ್ಟು ದೊಡ್ಡ ಗಂಟ್ಲು ಇಟ್ಕೊಂಡು ನನ್ನ ಡೇರೆ ಗಿಡ ಕೊಳೆಸಿದ್ರಲ್ಲ" ಎಂದಳು. "ನಾಳೆ ಹೋಗಿ ರಾಜಣ್ಣಂಗೆ ಹೇಳಿ. ಇದೇ ದನಿಯಲ್ಲಿ."

ಮರುದಿನ ಹೋದೆ. ರಾಜಣ್ಣನವರಿಗೆ ಸುದ್ದಿ ಮೊದಲೇ ಮುಟ್ಟಿತ್ತು. "ಬನ್ನಿ ಬನ್ನಿ, ತೀರ್ಥಹಳ್ಳೀಲಿ ನಡುಗಿಸಿಬಿಟ್ರಂತೆ" ಎಂದು ಕುರ್ಚಿ ಎಳೆದರು. ನಾನು ಕೂರಲಿಲ್ಲ. ಕೂತರೆ ಕೆಟ್ಟೆ. ಕಣ್ಣು ಮುಚ್ಚಿ, ಮಂಜಪ್ಪನನ್ನು ನೆನೆದು, ಪೈಪಿನತ್ತ ಬೆರಳು ಚಾಚಿ ಅಬ್ಬರಿಸಿದೆ: "ನನ್ನ ಅಂಗಳದಲ್ಲಿ ನಿನ್ನ ಪೈಪಿನ ಒಂದು ಹನಿಯೂ ಬೀಳಬಾರದು!"

ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಒಳಗಿನಿಂದ ಕಾಫಿ ಬಂತು. ಕುಡಿದೆ. ಚೆನ್ನಾಗಿತ್ತು.

ಸುಮಿತ್ರಾ ನಮ್ಮ ಗೇಟಿನಲ್ಲೇ ನಿಂತಿದ್ದಳು. "ಇಲ್ಲಿವರೆಗೂ ಕೇಳಿಸ್ತು, ಚೆನ್ನಾಗೇ ಹೇಳಿದ್ರಿ. ಅವರು ಎಂತ ಅಂದ್ರು?"

"ಒನ್ಸ್ ಮೋರ್ ಅಂದ್ರು" ಎಂದೆ.