ಹಂಗಾಮಿ ಹೆಣ

“ಸಂಜೀಯೊಳಗ ಟೇಪ್ ಬರಬೇಕು ಹೇಮಪ್ಪಾ. ಟೇಪ್ ಇಲ್ಲಂದ್ರ ನೀನೂ ಇಲ್ಲ.”

ಗದಗಿನ ಪ್ರಾದೇಶಿಕ ಅಧ್ಯಯನ ಕೇಂದ್ರದ ನಿರ್ದೇಶಕ ಪುಂಡಲೀಕಪ್ಪನವರು ಇಷ್ಟು ಹೇಳಿ ಚಹಾದೊಳಗೆ ಬಿಸ್ಕೀಟು ಅದ್ದಿದರು. ಅದು ಮೆತ್ತಗೆ ಮುರಿದು ಮುಳುಗಿತು. ಹೇಮಪ್ಪನಿಗೆ ಅದು ತನ್ನ ನೌಕರಿಯಂತೆಯೇ ಕಂಡಿತು.

ಆತ ಕೇಂದ್ರದ ಹಂಗಾಮಿ ಸಹಾಯಕ. ಸೇರಿದಾಗ ತೊಟ್ಟಿಲಲ್ಲಿದ್ದ ಮಗಳು ಈಗ ಹೈಸ್ಕೂಲು. ಅಪ್ಪ ಮಾತ್ರ ಇನ್ನೂ ಹಂಗಾಮಿ. ಸಂಜೆ ವಿಶ್ವವಿದ್ಯಾಲಯದಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಸಂಗ್ರಹ ಮೆಚ್ಚಿದರೆ ಒಂದು ಹುದ್ದೆ ಕಾಯಂ ಆಗುವ ಮಾತೂ ಇತ್ತು. ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವ ಹಾಡುಗಳು ನಮ್ಮಲ್ಲಿವೆ ಎಂದು ನಿರ್ದೇಶಕರು ವರದಿಯಲ್ಲಿ ಬರೆದುಬಿಟ್ಟಿದ್ದರು. ಕಪಾಟಿನಲ್ಲಿದ್ದದ್ದು ನುಸಿಗುಳಿಗೆ ಮಾತ್ರ.

ಹೇಮಪ್ಪ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಸೊರಟೂರಿನ ಬಸ್ಸು ಹತ್ತಿದ. ಅಲ್ಲಿಯ ನೀಲಗಂಗವ್ವ ಹಾಡಿ ಅತ್ತರೆ ಸತ್ತವನ ದಾಯಾದಿಗಳ ಕಣ್ಣೂ ಒದ್ದೆಯಾಗುತ್ತವೆಂದು ಸುತ್ತ ಹೆಸರು.

“ಹೆಣ ಎಲ್ಲೈತಿ?” ಎಂದಳು ಮುದುಕಿ, ಮೊದಲ ಮಾತಿಗೇ.

“ಹೆಣ ಇಲ್ಲ ಬೇ ಯವ್ವಾ. ಟೇಪ್ ಐತಿ.”

“ಟೇಪಿಗೇನ ಆಗೇತೋ ತಮ್ಮಾ, ಸತ್ತೈತೇನು? ಹೆಣ ಇಲ್ಲದ ನನಗ ಅಳು ಬರೂದಿಲ್ಲ.”

ಹೇಮಪ್ಪ ಬೇಡಿಕೊಂಡ. ಮುದುಕಿ ಕಾಳು ಹಸನು ಮಾಡುತ್ತ ಕುಳಿತಳು. ಬಗಲ ಮನೆಯ ಖಾತುನಬಿ ಗೋಡೆಯ ಮೇಲಿಂದ ಇಣುಕಿ, ಕರೆಯದಿದ್ದರೂ ಒಳಗೆ ಬಂದಳು.

“ಅಷ್ಟ್ಯಾಕ ಒದ್ದಾಡ್ತೀರಿ ಸರ? ನೀವ ಹೆಣ ಆಗ್ರಿ. ಮಾರಿ ನೋಡಿದ್ರ ಅರ್ಧಾ ಆಗಿ ಬಂದಂಗ ಕಾಣತೈತಿ.”

ಹೇಮಪ್ಪ ಮಲಗಲು ಹೋದ. ಮುದುಕಿ ಗದರಿದಳು. “ನಮ್ಮಲ್ಲಿ ಹೆಣ ಮಲಗಸೂದಿಲ್ಲ, ಕುಂಡ್ರಸತೀವಿ.”

ಗೋಡೆಗೆ ಒರಗಿಸಿ ಕೂಡಿಸಿದರು. ಹಣೆಗೆ ವಿಭೂತಿ ಬಳಿದರು. ಬಾಯಿ ತೆರೆದುಕೊಳ್ಳಬಾರದೆಂದು ಗದ್ದಕ್ಕೆ ಬಟ್ಟೆ ಬಿಗಿದು ಗೂಟಕ್ಕೆ ಕಟ್ಟಿದರು. ಅದಕ್ಕೂ ಮೊದಲು ಮುದುಕಿ ಅವನ ಬದುಕನ್ನೆಲ್ಲ ಕೇಳಿಕೊಂಡಿದ್ದಳು. ಸತ್ತವನ ಕಷ್ಟ ಗೊತ್ತಿಲ್ಲದೆ ಅಳುವುದು ಹೇಗೆ? ಹೇಮಪ್ಪ ಹೇಳುತ್ತ ಹೋದಂತೆ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟಿದ್ದ.

ಖಾತುನಬಿ ಗುಂಡಿ ಒತ್ತಿದಳು. ಮುದುಕಿ ಎದೆಗೆ ಕೈ ಬಡಿದುಕೊಂಡು ದನಿ ತೆಗೆದಳು:

“ಹಂಗಾಮಿ ಉಂಡ್ಯಲ್ಲೋ, ಹಂಗಾಮಿ ಉಟ್ಯಲ್ಲೋ,
ಕಾಯಂ ಆಗಾಕ ಹೊಂಟ್ಯೇನೋ ನನ್ನಪ್ಪಾ...”

ಓಣಿಯ ಹೆಂಗಸರು ಕೈಯ ಕೆಲಸ ಬಿಟ್ಟು ಓಡಿ ಬಂದರು. ಸತ್ತವರು ಯಾರೆಂದು ಕೇಳುವ ಮೊದಲೇ ಅಳತೊಡಗಿದರು. ಪಂಚಾಯತಿ ಸದಸ್ಯ ಚನ್ನಬಸವಣ್ಣ ಹೇಮಪ್ಪನ ಚೀಲದ ಮೇಲಿದ್ದ ಕೇಂದ್ರದ ಫೋನ್ ನಂಬರು ನೋಡಿಕೊಂಡು ಹೊರಗೋಡಿದ. ಹೇಮಪ್ಪ ‘ಬ್ಯಾಡ್ರೀ’ ಎಂದ. ಬಟ್ಟೆಯೊಳಗಿಂದ ಅದು ‘ಮ್ಮ್’ ಎಂದು ಹೊರಬಿತ್ತು. ಅಳುವಿನ ನಡುವೆ ಅದೂ ಅಳುವೇ ಆಯಿತು.

ಆಮೇಲೆ ಆಗಬಾರದ್ದು ಆಯಿತು. ಇಷ್ಟು ವರ್ಷದಲ್ಲಿ ತನಗಾಗಿ ಯಾರಾದರೂ ಒಂದು ಒಳ್ಳೆಯ ಮಾತು ಆಡಿದ್ದು ಹೇಮಪ್ಪನಿಗೆ ನೆನಪಾಗಲಿಲ್ಲ. ಕಣ್ಣು ತುಂಬಿ ವಿಭೂತಿ ತೊಯ್ದಿತು. ಮುಂದಿನ ಸಾಲುಗಳು ಕಿವಿಗೇ ಬೀಳಲಿಲ್ಲ.

“ಅಯ್ಯಯ್ಯ, ಹೆಣ ಅಳಾಕ ಹತ್ತೇತಿ!” ಎಂದು ಯಾರೋ ಕಿರುಚಿದರು. ಕ್ಷಣದಲ್ಲಿ ಮನೆ ಖಾಲಿ. ಹೇಮಪ್ಪ ಗದ್ದದ ಬಟ್ಟೆ ಬಿಚ್ಚಿಕೊಂಡು ಎದ್ದ.

ಬಾಗಿಲಲ್ಲಿ ಚನ್ನಬಸವಣ್ಣ ಬೆವರುತ್ತ ನಿಂತಿದ್ದ. “ಯಾಕ ಎದ್ರಿ? ನಾ ಆಗಲೇ ಫೋನ್ ಹಚ್ಚಿ ಹೇಳಿಬಿಟ್ಟೀನಲ್ರೀ!”

ಹೇಮಪ್ಪ ತಾನೇ ಫೋನು ಹಚ್ಚಿದರೆ ಆ ಕಡೆ ಬರೀ ಎಂಗೇಜು. ನಿರ್ದೇಶಕರು ಊರಿಗೆಲ್ಲ ಅವನ ಸಾವು ಹೇಳುತ್ತಿದ್ದರು.

ಹೊರಟವನನ್ನು ನೀಲಗಂಗವ್ವ ತಡೆದಳು. “ತಮ್ಮಾ, ಒಬ್ಬರಿಗೆ ನಾ ಅಳೂದು ಒಂದ ಸಲ. ನಿಂದು ಮುಗೀತು. ಮುಂದ ಖರೇನ ಹೋದಾಗ ನನ್ನ ಕರೀಬ್ಯಾಡ.”

ಕೇಂದ್ರ ಮುಟ್ಟಿದಾಗ ಸಂಜೆ. ಸಭಾಂಗಣದಲ್ಲಿ ಅವನದೇ ಫೋಟೋಕ್ಕೆ ಅವನ ಎರಡರಷ್ಟು ಉದ್ದದ ಹಾರ. ಸಮಿತಿಯ ಅಧ್ಯಕ್ಷೆ ಅಖ್ತರಿ ಮೇಡಂ ಮುಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ನಿರ್ದೇಶಕರು ಗದ್ಗದಿತರಾಗಿ ಮಾತಾಡುತ್ತಿದ್ದರು:

“ನನ್ನ ಹೆಸರಿನಲ್ಲಿ ಬಂದ ಶಾಸನಗಳ ಪುಸ್ತಕದ ಪ್ರತಿ ಅಕ್ಷರವೂ ಹೇಮಪ್ಪನದು. ಕಾಯಂ ಆಗಬೇಕಾದವನಿದ್ದರೆ ಅವನೊಬ್ಬನೇ. ಆದರೆ ಏನು ಮಾಡುವುದು, ಈಗ ಅವನೇ ಇಲ್ಲ.”

ಹೇಮಪ್ಪನ ಎದೆ ಅರಳಿತು. “ಅದೀನ್ರೀ ಸರ!” ಎಂದು ಒಳನುಗ್ಗಿದ.

ಪುಂಡಲೀಕಪ್ಪನವರ ಅಳು ಅಲ್ಲಿಗೇ ನಿಂತಿತು. “ಲೇ... ನೀ ಸತ್ತಿಲ್ಲೇನೋ?” ಎಂದರು. ದನಿಯಲ್ಲಿ ಸಂತೋಷ ಹುಡುಕಿದರೂ ಸಿಗುವಂತಿರಲಿಲ್ಲ.

ಹೇಮಪ್ಪ ಟೇಪು ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ಮುದುಕಿಯ ದನಿ ಸಭಾಂಗಣವನ್ನೆಲ್ಲ ತುಂಬಿಕೊಂಡಿತು. ಮೇಡಂ ಕಣ್ಣೊರೆಸಿಕೊಂಡರು. ಆಗ ಹೇಮಪ್ಪ ಕೇಳಿಸಿಕೊಳ್ಳದ ಸಾಲುಗಳು ಬಂದವು:

“ಬರದಾಂವ ನೀನಪ್ಪಾ, ಹೆಸರಿನಾಂವ ಅವನಪ್ಪಾ,
ಸಾಹೇಬನ ಹಿಟ್ಟಿನ ಚೀಲ ಹೊತ್ತ ಸತ್ಯೇನೋ ನನ್ನಪ್ಪಾ...”

ನಿರ್ದೇಶಕರ ಮುಖ ಹಸಿ ಗೋಡೆಯಂತಾಯಿತು. ಮೇಡಂ ಮಾತ್ರ ಮೆಚ್ಚಿ ತಲೆದೂಗಿದರು. “ಅಪರೂಪದ ದಾಖಲೆ. ಯಾರ ಸಾವಿನ ಮನೆಯಲ್ಲಿ ಮಾಡಿದ್ದು ಇದು?”

ಹೇಮಪ್ಪನಿಗೆ ಸುಳ್ಳು ಹೇಳಲು ಗೊತ್ತಿರಲಿಲ್ಲ. “ನಂದೇ ರೀ ಮೇಡಂ.”

ಮೇಡಂ ಪೆನ್ನಿಗೆ ಟೋಪಿ ಹಾಕಿದರು. “ಹಾಗಾದರೆ ಇದು ನಾಟಕವಾಯಿತು. ಹೆಣವೇ ಸುಳ್ಳೆಂದರೆ ಹಾಡು ಜಾನಪದ ಹೇಗಾಗುತ್ತದೆ?”

“ನಾನೂ ಅದನ್ನೇ ಹೇಳುವವನಿದ್ದೆ” ಎಂದರು ನಿರ್ದೇಶಕರು, ಹೋದ ಜೀವ ಬಂದವರಂತೆ. “ಹೆಣ ಖೊಟ್ಟಿ, ಹಾಡೂ ಖೊಟ್ಟಿ. ಈಗ ನಾನಾಡಿದ ಮಾತು ಸತ್ತ ಹೇಮಪ್ಪನ ಕುರಿತು. ಇವನು ಸತ್ತೇ ಇಲ್ಲ. ಆದ್ದರಿಂದ ಆ ಮಾತೂ ರದ್ದು. ಕೇಂದ್ರದ ಮರ್ಯಾದೆ ಕಳೆದ ಇವನೂ ರದ್ದು.”

ಬೆಟಗೇರಿಯ ಮನೆಯಲ್ಲಿ ಹೆಂಡತಿ ಕಾಂಚನಾ ರೊಟ್ಟಿ ಬಡಿಯುತ್ತಿದ್ದಳು. ಸಾವಿನ ಖಬರ ಮುಟ್ಟಿಸಲು ಬಂದಿದ್ದ ಜವಾನ, ಹೇಳಲು ಧೈರ್ಯ ಸಾಲದೆ ಚಹಾ ಕುಡಿದು ಹೋಗಿದ್ದ.

“ಯಾಕ್ರೀ, ಹಣೀ ತುಂಬ ವಿಭೂತಿ? ನೌಕರಿ ಕಾಯಂ ಆತೇನು?”

“ಹೋತು.”

“ಅಯ್ಯ ಶಿವನ! ಯಾಕಂತ?”

ಹೇಮಪ್ಪ ಗೋಡೆಗೆ ಒರಗಿ, ಕಾಲು ಮಡಚಿ, ಮಧ್ಯಾಹ್ನ ಕುಳಿತ ಹಾಗೆಯೇ ಕುಳಿತುಕೊಂಡ.

“ನಾ ಸತ್ತಿರಲಿಲ್ಲಂತ.”